ಪಾಸ್‌ಬುಕ್ ಪ್ರಿಂಟರಿಗೆ ಇಡೀ ವಠಾರದ ಬೀಗದ ಕೈ

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯವೆಲ್ಲ ಆಫೀಸಿನದ್ದು. ಈ ಕಂಪ್ಯೂಟರ್ ಕೊರೆತ ಯಾರಿಗೆ ಬೇಕು ಅಂತ ಸುಮ್ಮನಿದ್ದೆ. ಆದ್ರೆ ಈಗ ನಮ್ಮಲ್ಲೇ ಎಷ್ಟೋ ಜನ ಸ್ವಂತ ಸರ್ವರ್ ಬಾಡಿಗೆಗೆ ತಗೊಂಡು, ಡಾಕರ್ ಹಾಕ್ಕೊಂಡು, ಬ್ಲಾಗು, ಫೋಟೋ, ಮನೆಯ ಲೆಕ್ಕಪತ್ರ ಎಲ್ಲಾ ಅದರಲ್ಲೇ ನಡೆಸ್ತಿದೀರ. ಹಾಗಾಗಿ ಇದು ಬರೀ ನನ್ನ ಆಫೀಸಿನ ಕಥೆಯಾಗಿ ಉಳಿದಿಲ್ಲ. ಸ್ವಲ್ಪ ಸಹಿಸಿಕೊಳ್ಳಿ, ಆದಷ್ಟು ಸರಳವಾಗಿ ಹೇಳ್ತೀನಿ.

ಮೊದಲು ಕಂಟೈನರ್ ಅಂದ್ರೇನು ಅಂತ. ಪೇಟೆಯಲ್ಲಿ ಓದಿದವರಿಗೆ ವಠಾರ ಗೊತ್ತಿರತ್ತೆ. ಒಂದೇ ಕಾಂಪೌಂಡು, ಸಾಲಾಗಿ ಆರೇಳು ಮನೆ, ಎಲ್ಲರಿಗೂ ಒಂದೇ ಬಾವಿ, ಒಂದೇ ಕರೆಂಟ್ ಬೋರ್ಡು, ಒಬ್ಬರೇ ಓನರ್. ನಿಮ್ಮ ಮನೆಗೆ ನಿಮ್ಮದೇ ಬಾಗಿಲು, ನಿಮ್ಮದೇ ಬೀಗ. ಆದ್ರೆ ಗೋಡೆ ಒಂದೇ ಇಟ್ಟಿಗೆ ದಪ್ಪ, ಪಕ್ಕದ ಮನೆಯ ಒಗ್ಗರಣೆ ಚಟಪಟ ನಿಮಗೂ ಕೇಳತ್ತೆ. ಕಂಟೈನರ್ ಅಂದ್ರೆ ಇದೇ. ಒಂದೇ ಲಿನಕ್ಸ್ ಯಂತ್ರದ ಮೇಲೆ ಹತ್ತಾರು ತಂತ್ರಾಂಶ, ಪ್ರತಿಯೊಂದಕ್ಕೂ ತಾನೊಬ್ಬನೇ ಇದೀನಿ ಅನ್ನೋ ಭ್ರಮೆ. ಕೆಳಗೆ ಇರೋ ಕರ್ನೆಲ್ ಮಾತ್ರ ಎಲ್ಲರಿಗೂ ಒಂದೇ. ಬಾವಿ ಇದ್ದ ಹಾಗೆ. ವರ್ಚುವಲ್ ಮಷೀನ್ ಅಂತೀವಲ್ಲ, ಅದು ಬೇರೆ ಸೈಟಿನಲ್ಲಿ ಬೇರೆ ಬಾವಿ ತೋಡಿ ಕಟ್ಟಿದ ಮನೆ. ಖರ್ಚು ಜಾಸ್ತಿ, ನೆಮ್ಮದಿಯೂ ಜಾಸ್ತಿ.

ಈ ಗೋಡೆಗಳು ಒಂದೇ ದಿನ ಎದ್ದದ್ದಲ್ಲ. 1979ರ ಯುನಿಕ್ಸಿನಲ್ಲೇ ಒಂದು ಪ್ರೋಗ್ರಾಮಿಗೆ "ನಿನ್ನ ಜಗತ್ತು ಈ ಫೋಲ್ಡರ್ ಮಾತ್ರ" ಅಂತ ತೋರಿಸೋ ಸಿ‌ಎಚ್‌ರೂಟ್ ಬಂದಿತ್ತು. 2000ದಲ್ಲಿ ಫ್ರೀಬಿಎಸ್‌ಡಿಯವರು ಜೈಲ್ ಅಂತಲೇ ಹೆಸರಿಟ್ಟು ಇನ್ನೂ ಗಟ್ಟಿ ಗೋಡೆ ಕಟ್ಟಿದ್ರು. ಲಿನಕ್ಸಿಗೆ 2002ರಿಂದ ಒಂದೊಂದಾಗಿ ನೇಮ್‌ಸ್ಪೇಸ್‌ಗಳು ಸೇರಿಕೊಂಡವು, 2008ರಲ್ಲಿ ಸಿಗ್ರೂಪ್ ಬಂತು. 2013ರಲ್ಲಿ ಡಾಕರ್ ಬಂದು ಇದನ್ನೆಲ್ಲ ಒಂದೇ ಸಾಲಿನ ಕಮಾಂಡಿಗೆ ಇಳಿಸಿತು. ಆಮೇಲೆ ಎಲ್ಲರೂ ವಠಾರದ ಓನರುಗಳೇ!

ಇನ್ನು ಬೀಗದ ಕೈ ವಿಷಯ. ಹಿಂದೆ ಯುನಿಕ್ಸಿನಲ್ಲಿ ಎರಡೇ ಜಾತಿ: ಎಲ್ಲವನ್ನೂ ಮಾಡಬಲ್ಲ ರೂಟ್, ಮತ್ತು ಉಳಿದವರು. 1999ರ ಲಿನಕ್ಸ್ 2.2ರಿಂದ ಆ ರೂಟ್‌ನ ಅಧಿಕಾರವನ್ನ ತುಂಡು ತುಂಡು ಮಾಡಿ ಕೆಪೆಬಿಲಿಟಿ ಅಂತ ಹೆಸರು ಕೊಟ್ಟರು. ಗಡಿಯಾರ ಬದಲಿಸೋಕೆ ಒಂದು ಕೀ, ನೆಟ್‌ವರ್ಕ್ ತಿದ್ದೋಕೆ ಒಂದು, ಕರ್ನೆಲ್‌ಗೆ ಮಾಡ್ಯೂಲ್ ತುರುಕೋಕೆ ಒಂದು.. ಹೀಗೆ ಈಗ ಒಟ್ಟು 41 ಇವೆ. ಡಾಕರ್ ತಾನಾಗಿ ಒಂದು ಕಂಟೈನರಿಗೆ ಕೊಡೋದು ಅದರಲ್ಲಿ 14 ಮಾತ್ರ. ಅದರ ಮೇಲೆ ಸೆಕ್‌ಕಾಂಪ್ ಅನ್ನೋ ಕಾವಲುಗಾರ ಕರ್ನೆಲ್‌ನ ಮುನ್ನೂರಕ್ಕೂ ಹೆಚ್ಚು ಕರೆಗಳಲ್ಲಿ ಅಪಾಯದ ಸುಮಾರು 44ನ್ನ ಬಾಗಿಲಲ್ಲೇ ತಡೀತಾನೆ. ಯಂತ್ರದ ಡಿಸ್ಕು, ಯುಎಸ್‌ಬಿ ಇವೆಲ್ಲ ಕಂಟೈನರಿಗೆ ಕಾಣೋದೇ ಇಲ್ಲ.

--ಪ್ರಿವಿಲೆಜ್ಡ್ ಅಂತ ಒಂದು ಪದ ಸೇರಿಸಿದ್ರೆ ಏನಾಗತ್ತೆ? ಎಲ್ಲಾ 41 ಕೀ ಕೈಗೆ. ಕಾವಲುಗಾರನಿಗೆ ರಜೆ. ಆಪ್‌ಆರ್ಮರ್ ಇದ್ರೆ ಅದಕ್ಕೂ ರಜೆ. ಯಂತ್ರದ ಎಲ್ಲಾ ಸಾಧನಗಳೂ ಒಳಗಿಂದಲೇ ಕಾಣತ್ತವೆ. ಗೋಡೆ ಹಾಗೇ ಇರತ್ತೆ, ಬಣ್ಣವೂ ಹೊಸದಾಗಿರತ್ತೆ, ಆದ್ರೆ ಬಾಡಿಗೆಯವನ ಸೊಂಟದಲ್ಲಿ ಓನರ್ ಮನೆಯ ಕೀ ಗೊಂಚಲು ನೇತಾಡ್ತಿರತ್ತೆ.

ತಮಾಷೆ ಅಂದ್ರೆ ಈ ಆಯ್ಕೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಡಾಕರ್ ಮಾಡ್ತಿದ್ದವರಿಗೇ ಡಾಕರ್ ಒಳಗೆ ಇನ್ನೊಂದು ಡಾಕರ್ ಓಡಿಸಿ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ 2013ರಲ್ಲಿ ಇದನ್ನ ಸೇರಿಸಿದ್ರು. ಡಾಕರ್ ಒಳಗೆ ಡಾಕರ್ ಓಡಿಸಿ ತೋರಿಸಿದ ಜೆರೋಮ್ ಪೆಟಾಜೋನಿಯವರೇ 2015ರಲ್ಲಿ, ಇದನ್ನ ದಿನನಿತ್ಯದ ಕೆಲಸಕ್ಕೆ ಬಳಸೋ ಮೊದಲು ಎರಡು ಸಲ ಯೋಚಿಸಿ ಅಂತ ಬರೆದ್ರು. ಅಷ್ಟು ಹೊತ್ತಿಗೆ ಆ ಪದ ಊರೆಲ್ಲ ಹರಡಿತ್ತು. ಯಾಕಂದ್ರೆ ಅದು ಹಾಕಿದ್ರೆ ಎಲ್ಲವೂ ಓಡತ್ತೆ. "ಪರ್ಮಿಷನ್ ಡಿನೈಡ್" ಅನ್ನೋ ಸಾಲು ಮಾಯ ಆಗತ್ತೆ. ಹಿತ್ತಲ ಬಾಗಿಲು ತೆಗೆದಿಟ್ಟಿದ್ದೀವಿ ಅಂತ ಯಾವ ಸಾಲೂ ಬರಲ್ಲ.

ಈಗ ನಮ್ಮ ಕಥೆಗೆ ಬರ್ತೀನಿ. ನಾನಿರೋ ಪುಟ್ಟ ಕಂಪನಿ ಸಹಕಾರಿ ಸೊಸೈಟಿಗಳಿಗೆ ತಂತ್ರಾಂಶ ಮಾಡಿ ಕೊಡತ್ತೆ. ಮಲೆನಾಡಿನ ಒಂದು ತಾಲ್ಲೂಕಿನ ಸೊಸೈಟಿ. ಮೂರು ಶಾಖೆ, ಪ್ರತಿ ಶಾಖೆಯಲ್ಲೂ ಒಂದೊಂದು ಸಣ್ಣ ಸರ್ವರ್. ಅಲ್ಲಿ ನೆಟ್ ಯಾವಾಗ ಹೋಗತ್ತೋ ಹೇಳೋಕಾಗಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ, ಅದಕ್ಕೇ ಎಲ್ಲವೂ ಶಾಖೆಯಲ್ಲೇ ಇರಬೇಕು. ಆ ಯಂತ್ರದ ಮೇಲೆ ಸದಸ್ಯರ ಠೇವಣಿ, ಸಾಲ, ಅಡಿಕೆ ಅಡಮಾನದ ಲೆಕ್ಕ ಇಟ್ಟಿರೋ ಡೇಟಾಬೇಸ್ ಒಂದು ಕಂಟೈನರಿನಲ್ಲಿ, ಕೌಂಟರಿನವರು ಬಳಸೋ ಪರದೆ ಇನ್ನೊಂದರಲ್ಲಿ. ಇದಕ್ಕೆ ಮೂರನೆಯದಾಗಿ ಪಾಸ್‌ಬುಕ್ ಪ್ರಿಂಟರ್ ಸೇರಬೇಕಿತ್ತು. ಪ್ರಿಂಟರ್ ಮಾರಿದವರು ತಮ್ಮ ತಂತ್ರಾಂಶವನ್ನ ಕಂಟೈನರ್ ಮಾಡಿಯೇ ಕೊಟ್ಟಿದ್ರು. ಜೊತೆಗೆ ಎರಡು ಪುಟದ ಕೈಪಿಡಿ. ಅದರ ನಾಲ್ಕನೇ ಸಾಲಿನಲ್ಲಿ: --ಪ್ರಿವಿಲೆಜ್ಡ್ ಹಾಕಿ ಓಡಿಸಿ.

ಶುಕ್ರವಾರ ಸಂಜೆ. ನನ್ನ ಜೊತೆ ಕೆಲಸ ಮಾಡೋ ಗೆಳೆಯ (ಒಳ್ಳೇ ಕೆಲಸಗಾರ, ಇಬ್ಬರೂ ಒಂದೇ ವರ್ಷ ಸೇರಿದವರು) ಹಾಗೇ ಹಾಕಿ ಓಡಿಸಿದ. ಪಾಸ್‌ಬುಕ್ ಚಕಚಕ ಅಂತ ಪ್ರಿಂಟ್ ಆಯ್ತು. ನಾನು ಸಾಲು ನೋಡಿ, "ಇದು ಯಾಕೆ ಮಾರಾಯ?" ಅಂದೆ.

"ಅವ್ರೇ ಬರ್ದಿದಾರಲ್ಲ."

"ಯಾವ ಕೆಲಸಕ್ಕೆ ಬೇಕು ಅಂತ ಬರ್ದಿದಾರಾ?"

"ಗುರೂ, ಅದು ಪ್ರಿಂಟರ್. ಕಂಟೈನರ್ ಒಳಗಿದೆ. ಒಳಗಿರೋದು ಏನ್ ಮಾಡತ್ತೆ?"

ಅವನು ಹೇಳಿದ್ದರಲ್ಲಿ ನ್ಯಾಯ ಇರಲಿಲ್ಲ ಅಂತಲ್ಲ. ಸೋಮವಾರ ಶಾಖೆ ತೆರೆಯೋ ಹೊತ್ತಿಗೆ ಪ್ರಿಂಟರ್ ನಡೀಬೇಕಿತ್ತು. ಸೊಸೈಟಿಯ ಕಾರ್ಯದರ್ಶಿಗಳು ಮಧ್ಯಾಹ್ನವೇ ಫೋನ್ ಮಾಡಿ, "ನೋಡಿ ಸಾರ್, ನೀವು ಕಂಪ್ಯೂಟರಿನಲ್ಲಿ ದುಡ್ಡಿದೆ ಅಂದ್ರೆ ನಮ್ಮ ಜನ ನಂಬಲ್ಲ. ಪುಸ್ತಕದಲ್ಲಿ ಎಂಟ್ರಿ ಬಿದ್ರೆ ಮಾತ್ರ ದುಡ್ಡು ಇದೆ ಅಂತ. ಒಂದು ವಾರ ಎಂಟ್ರಿ ಬೀಳದೇ ಇದ್ರೆ ಸೊಸೈಟಿ ಮುಳುಗ್ತು ಅಂತ ಊರೆಲ್ಲ ಸುದ್ದಿ ಹಬ್ಬತ್ತೆ" ಅಂದಿದ್ರು. ಅದು ಅಕ್ಷರಶಃ ನಿಜ. ನಮ್ಮ ಅಪ್ಪಯ್ಯನೂ ಹಾಗೇ. ನಮ್ಮೂರ ಸೊಸೈಟಿಗೆ ತಿಂಗಳಿಗೊಮ್ಮೆ ಹೋಗಿ ಎಂಟ್ರಿ ಹಾಕಿಸ್ಕೊಂಡು, ಮನೆಗೆ ಬಂದು ಜಗಲಿಯಲ್ಲಿ ಕೂತು, ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದ್ತಾರೆ. ಮೊಬೈಲಿಗೆ ಬರೋ ಮೆಸೇಜಿಗೆ ಅವರ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಆದ್ರೆ ಅದೇ ಕಾರಣಕ್ಕೆ ನನಗೆ ಬಿಡೋಕೂ ಆಗಲಿಲ್ಲ. ಆ ಯಂತ್ರದಲ್ಲಿದ್ದದ್ದು ಅಂಥ ಅಪ್ಪಯ್ಯಂದಿರ ಲೆಕ್ಕ. ಯಾರ ಹತ್ತಿರ ಎಷ್ಟು ಠೇವಣಿ, ಯಾರು ಮಗಳ ಮದುವೆಗೆ ಒಡವೆ ಅಡ ಇಟ್ಟಿದಾರೆ, ಯಾರ ಕಂತು ಬಾಕಿ ಇದೆ.. ಸಣ್ಣ ಊರಿನಲ್ಲಿ ಇದು ಹೊರಗೆ ಬಿದ್ರೆ ದುಡ್ಡು ಹೋಗೋದಕ್ಕಿಂತ ಮಾನ ಹೋಗೋದು ಮೊದಲು. ಅವರು ಯಾರೂ ಆ ನಾಲ್ಕನೇ ಸಾಲು ಓದಿಲ್ಲ, ಒಪ್ಪಿಲ್ಲ. ಒಪ್ಪಿಕೊಳ್ಳೋದು ನಾವು, ಅನುಭವಿಸೋದು ಅವರು.

"ಒಳಗಿರೋದು ಏನ್ ಮಾಡತ್ತೆ" ಅನ್ನೋದಕ್ಕೆ ಮಾತಿನಲ್ಲಿ ಉತ್ತರ ಕೊಟ್ಟರೆ ಜಗಳವೇ ಆಗ್ತಿತ್ತು. ಅದಕ್ಕೆ ಪರೀಕ್ಷೆಗೆ ಇಟ್ಟಿದ್ದ ಯಂತ್ರದಲ್ಲಿ, ಸುಳ್ಳು ಹೆಸರುಗಳ ಡೇಟಾ ತುಂಬಿಸಿದ್ದರಲ್ಲಿ, ಒಂದು ಖಾಲಿ ಕಂಟೈನರನ್ನ ಅದೇ ಪದ ಹಾಕಿ ಎಬ್ಬಿಸಿದೆ. ಒಳಗಿಂದ ಡಿಸ್ಕಿನ ಪಟ್ಟಿ ಕೇಳಿದೆ. ಇಡೀ ಯಂತ್ರದ ಡಿಸ್ಕು ಬಂತು. ಅದನ್ನ ಒಂದು ಫೋಲ್ಡರಿಗೆ ಜೋಡಿಸಿದೆ. ಪಕ್ಕದ ಕಂಟೈನರಿನ ಡೇಟಾಬೇಸ್ ಕಡತಗಳು, ಯಂತ್ರದ ಪಾಸ್‌ವರ್ಡ್ ಕಡತ, ಎಲ್ಲಾ ಕಣ್ಣೆದುರಿಗೆ. ಓದೋದಷ್ಟೇ ಅಲ್ಲ, ಬರೆಯೋಕೂ ಬರತ್ತೆ. ಯಾವ ಜಾಣತನವೂ ಬೇಕಾಗಲಿಲ್ಲ, ಯಾವ ಬಗ್ಗೂ ಇಲ್ಲ. ಕೇಳಿದ ಅಧಿಕಾರ ಕೊಟ್ಟಿದಾರೆ, ಅದು ಬಳಸ್ತು. ಎರಡು ನಿಮಿಷವೂ ಹಿಡೀಲಿಲ್ಲ.

ಗೆಳೆಯ ಸ್ವಲ್ಪ ಹೊತ್ತು ಪರದೆ ನೋಡ್ತಾ ನಿಂತ. ಆಮೇಲೆ, "ಸರಿ, ಆದ್ರೆ ಪ್ರಿಂಟರ್ ತಂತ್ರಾಂಶದವ್ರು ಯಾಕೆ ಹೀಗ್ ಮಾಡ್ತಾರೆ? ಅವ್ರೇನ್ ಕಳ್ಳರಾ?" ಅಂದ.

ಕಳ್ಳರಲ್ಲ. ಪ್ರಶ್ನೆ ಅವರದ್ದಲ್ಲವೇ ಅಲ್ಲ. ಆ ತಂತ್ರಾಂಶ ಶಾಖೆಯ ನೆಟ್‌ವರ್ಕಿನಲ್ಲಿ ಕಿವಿ ತೆರೆದು ಕೂತಿರತ್ತೆ, ಅದರೊಳಗೆ ಎಷ್ಟೋ ವರ್ಷದ ಹಳೇ ಲೈಬ್ರರಿಗಳಿವೆ. ಯಾವತ್ತೋ ಒಂದು ದಿನ ಅದರಲ್ಲಿ ಒಂದು ತೂತು ಸಿಗತ್ತೆ. ಸಾಮಾನ್ಯ ಕಂಟೈನರ್ ಆಗಿದ್ರೆ ಒಳಗೆ ನುಗ್ಗಿದವನಿಗೆ ಸಿಗೋದು ಪ್ರಿಂಟರ್ ಮಾತ್ರ. ಬೇಕಾದ್ರೆ ನಾಲ್ಕು ಪುಟ ಕಸ ಪ್ರಿಂಟ್ ಮಾಡ್ಲಿ. ಪ್ರಿವಿಲೆಜ್ಡ್ ಆದ್ರೆ ಸಿಗೋದು ಇಡೀ ಸೊಸೈಟಿ. ಅಂಗಳದ ತೂತು ಬಾವಿಯ ತನಕ ಹೋಗತ್ತೆ.

ಇದು ಬರೀ ನನ್ನ ಕಲ್ಪನೆಯ ಹೆದರಿಕೆ ಅಲ್ಲ. 2014ರ ಜೂನ್‌ನಲ್ಲಿ ಸೆಬಾಸ್ಟಿಯನ್ ಕ್ರಾಮರ್ ಅನ್ನೋರು ಶಾಕರ್ ಅನ್ನೋ ಒಂದು ಪುಟ್ಟ ಪ್ರೋಗ್ರಾಮ್ ಬಿಟ್ಟರು. ಅದಕ್ಕೆ ಸ್ವಲ್ಪ ಹಿಂದಿನ ತನಕ ಡಾಕರ್ ಕೆಲವು ಕೆಪೆಬಿಲಿಟಿಗಳನ್ನ ಮಾತ್ರ ಕಿತ್ತುಕೊಂಡು ಉಳಿದದ್ದನ್ನ ಕಂಟೈನರಿಗೆ ಬಿಡ್ತಿತ್ತು. ಹಾಗೆ ಉಳಿದಿದ್ದ ಒಂದೇ ಒಂದು ಕೀ ಹಿಡಿದು ಕಂಟೈನರ್ ಒಳಗಿಂದ ಹೊರಗಿನ ಯಂತ್ರದ ಕಡತ ಓದಬಹುದು ಅಂತ ಅದು ತೋರಿಸ್ತು. ಅಷ್ಟು ಹೊತ್ತಿಗೆ ಹೊಸ ಡಾಕರಿನಲ್ಲಿ "ಕೆಲವನ್ನ ಕಿತ್ತುಕೊಳ್ಳೋದು" ಹೋಗಿ "ಕೆಲವನ್ನ ಮಾತ್ರ ಕೊಡೋದು" ಅನ್ನೋ ಪದ್ಧತಿ ಬಂದಾಗಿತ್ತು. 2019ರ ಜುಲೈನಲ್ಲಿ ಫೆಲಿಕ್ಸ್ ವಿಲ್ಹೆಲ್ಮ್ ಪ್ರಿವಿಲೆಜ್ಡ್ ಕಂಟೈನರಿನಿಂದ ಹೊರಗೆ ಬರೋ ದಾರಿಯನ್ನ ಒಂದು ಟ್ವೀಟಿನಲ್ಲಿ ಹಿಡಿಸಿದ್ರು! ಹಳೇ ಸಿಗ್ರೂಪಿನಲ್ಲಿ, ಒಂದು ಗುಂಪು ಖಾಲಿಯಾದಾಗ ಕರ್ನೆಲ್ ತಾನೇ ಒಂದು ಪ್ರೋಗ್ರಾಮ್ ಓಡಿಸತ್ತೆ. ಆ ಪ್ರೋಗ್ರಾಮ್ ಯಾವುದು ಅಂತ ಬರೆಯೋ ಜಾಗ ಕಂಟೈನರಿನ ಕೈಗೆ ಸಿಕ್ಕಿದ್ರೆ, ಓಡೋದು ಹೊರಗೆ, ಓನರ್ ಹೆಸರಿನಲ್ಲಿ. 2022ರಲ್ಲಿ ಸಿವಿಇ-2022-0492 ಅಂತ ಇದೇ ಜಾಗದಲ್ಲಿ ಇನ್ನೊಂದು ಸಿಕ್ಕಿತು. ಅಲ್ಲಿ ಬರೆಯೋಕೆ ಬಂದವನಿಗೆ ನಿಜವಾಗ್ಲೂ ಅಧಿಕಾರ ಇದೆಯಾ ಅಂತ ಕರ್ನೆಲ್ ಸರಿಯಾಗಿ ಕೇಳ್ತಾನೇ ಇರಲಿಲ್ಲ. ಸೆಕ್‌ಕಾಂಪ್, ಆಪ್‌ಆರ್ಮರ್ ಹಾಗೇ ಉಳಿಸಿಕೊಂಡಿದ್ದ ಕಂಟೈನರುಗಳಿಗೆ ಆಗ ಅವೇ ಕಾವಲಾದವು.

ಹೆಚ್ಚಿನ ಅಧಿಕಾರ ಕೊಡದೇ ಇದ್ರೂ ಗೋಡೆ ಒಡೆದದ್ದಿದೆ. 2019ರ ಫೆಬ್ರವರಿಯಲ್ಲಿ ಕಂಟೈನರ್ ಎಬ್ಬಿಸೋ ರನ್‌ಸಿ ಅನ್ನೋ ಪ್ರೋಗ್ರಾಮಿನಲ್ಲೇ ತಪ್ಪು ಸಿಕ್ಕಿತು, ಒಳಗಿನವನು ಹೊರಗಿನ ರನ್‌ಸಿಯನ್ನೇ ತಿದ್ದಿಬಿಡಬಹುದಿತ್ತು. 2024ರ ಜನವರಿಯಲ್ಲಿ ಮತ್ತೆ ಅದರಲ್ಲೇ ಇನ್ನೊಂದು. ಇದನ್ನ ಹೇಳಿದ್ರೆ ಕೆಲವರು, "ಹೇಗಿದ್ರೂ ಒಡೆಯತ್ತಲ್ಲ, ಮತ್ಯಾಕೆ ಒದ್ದಾಟ?" ಅಂತಾರೆ. ನನಗೆ ಅನ್ನಿಸೋದು ಉಲ್ಟಾ. ಗೋಡೆ ಒಡೆದಾಗ ಒಂದು ಅಪ್‌ಡೇಟ್ ಬರತ್ತೆ, ಹಾಕ್ಕೊಂಡ್ರೆ ಮುಚ್ಚತ್ತೆ. ನಾವೇ ಕೊಟ್ಟ ಕೀಗೆ ಯಾವ ಅಪ್‌ಡೇಟೂ ಬರಲ್ಲ.

ಹೋಗ್ಲಿ, ನಾವು ಮಾಡಿದ್ದೇನು? ಶನಿವಾರ ಇಡೀ ದಿನ, ಭಾನುವಾರ ಅರ್ಧ ದಿನ ಕೂತ್ವಿ. ಮೊದಲು ಆ ಪದ ತೆಗೆದು, ಬರೀ ಪ್ರಿಂಟರಿನ ಸಾಧನವನ್ನ ಮಾತ್ರ --ಡಿವೈಸ್ ಅಂತ ಕೊಟ್ಟೆವು. ಓಡ್ತು! ಇಷ್ಟೇನಾ ಅಂದ್ಕೊಳ್ಳೋ ಅಷ್ಟರಲ್ಲಿ ಗೆಳೆಯ ಪ್ರಿಂಟರಿನ ವೈರ್ ಕಿತ್ತು ಮತ್ತೆ ಚುಚ್ಚಿದ. ನಿಂತು ಹೋಯ್ತು. "ಶಾಖೇಲಿ ದಿನಾ ಕಸ ಗುಡ್ಸೋವಾಗ ಇದು ಕಿತ್ತೇ ಕೀಳತ್ತೆ, ಆಗ?" ಅಂದ. ಪ್ರಿಂಟರ್ ಮಾರಿದವರು ಇಡೀ ಗೊಂಚಲು ಕೇಳಿದ್ದು ಬಹುಶಃ ಇದಕ್ಕೇ. ಪ್ರತಿ ಸಲ ಚುಚ್ಚಿದಾಗ ಯಂತ್ರ ಅದಕ್ಕೆ ಬೇರೆ ಹೆಸರು ಕೊಡಬಹುದು, ಮೊದಲೇ ಕೊಟ್ಟ ಹಳೇ ಹೆಸರು ಹಿಡ್ಕೊಂಡು ಕೂತ ಕಂಟೈನರಿಗೆ ಹೊಸದು ಕಾಣಲ್ಲ. ಕೊನೆಗೆ ಯಂತ್ರದಲ್ಲಿ ಯುಡೆವ್ ನಿಯಮ ಬರೆದು ಆ ಪ್ರಿಂಟರಿಗೆ ಖಾಯಂ ಹೆಸರು ಇಟ್ಟು, ಅದು ಚುಚ್ಚಿದಾಗೆಲ್ಲ ಆ ಒಂದು ಕಂಟೈನರ್ ಮಾತ್ರ ಮತ್ತೆ ಶುರುವಾಗೋ ಹಾಗೆ ಮಾಡಿದ್ವಿ. ಆಮೇಲೆ 14 ಕೆಪೆಬಿಲಿಟಿಗಳನ್ನೂ ಕಿತ್ತು ಒಂದೊಂದಾಗಿ ಸೇರಿಸ್ತಾ ಹೋದ್ವಿ. ಆ ಪ್ರಿಂಟರಿಗೆ ಕೊನೆಗೆ ಬೇಕಾಗಿದ್ದು ಎರಡೇ. 41 ಕೇಳಿದ್ದವರಿಗೆ ಎರಡು ಸಾಕಾಯ್ತು.

ಸೋಮವಾರ ಹತ್ತೂವರೆಗೆ ಕಾರ್ಯದರ್ಶಿಗಳ ಫೋನ್ ಬಂತು. "ಎಂಟ್ರಿ ಬೀಳ್ತಾ ಇದೆ ಸಾರ್." ಅಷ್ಟೇ. ಇನ್ನೇನು ಹೇಳ್ತಾರೆ? ಶುಕ್ರವಾರವೇ ಬಿಟ್ಟಿದ್ರೂ ಇದೇ ಫೋನ್ ಬರ್ತಿತ್ತು. ಈ ಕೆಲಸದ ಹಣೆಬರಹವೇ ಅದು. ಏನೂ ಆಗದೇ ಇರೋದೇ ಫಲಿತಾಂಶ, ಅದನ್ನ ಯಾರಿಗೂ ತೋರಿಸೋಕಾಗಲ್ಲ. ನಮ್ಮ ಮ್ಯಾನೇಜರ್ ಆ ಒಂದೂವರೆ ದಿನವನ್ನ ಯಾವ ಲೆಕ್ಕಕ್ಕೆ ಹಾಕೋದು ಅಂತ ಕೇಳಿದ್ರು. ಭಾನುವಾರ ಮಗಳ ಜೊತೆ ಇರಬೇಕಿತ್ತು ಅಂತ ಗೆಳೆಯನಿಗೆ ಸಿಟ್ಟು. ಅದೂ ನ್ಯಾಯವೇ. ಒಂದು ತಿಂಗಳು ನನ್ನ ಜೊತೆ ಟೀಗೆ ಬರಲಿಲ್ಲ.

ಮೂರ್ನಾಲ್ಕು ತಿಂಗಳಾದ ಮೇಲೆ ಬೇರೊಂದು ಸೊಸೈಟಿಯ ಕೆಲಸದಲ್ಲಿ ಅವನು ಬೆರಳಚ್ಚು ಯಂತ್ರದವರಿಗೆ ಬರೆದ ಮೇಲ್ ನನಗೂ ಪ್ರತಿ ಬಂತು. ಎರಡೇ ಸಾಲು: "ನಿಮ್ಮ ಕೈಪಿಡಿಯಲ್ಲಿ ಪ್ರಿವಿಲೆಜ್ಡ್ ಅಂತಿದೆ. ಯಾವ ಸಾಧನ, ಯಾವ ಕೆಪೆಬಿಲಿಟಿ ಬೇಕು ಅಂತ ಬರೆದು ಕೊಡಿ, ಅಲ್ಲೀವರೆಗೆ ಶಾಖೆಗೆ ಹಾಕೋದಿಲ್ಲ." ನಾನು ಏನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಅವತ್ತು ಟೀಗೆ ಇಬ್ಬರೂ ಹೋದ್ವಿ. ಹಾಂ, ಪ್ರಿಂಟರಿನವರ ಕೈಪಿಡಿಯ ನಾಲ್ಕನೇ ಸಾಲು ಇವತ್ತಿಗೂ ಹಾಗೇ ಇದೆ.

ಈಗ ನಿಮ್ಮ ಸರ್ವರ್ ವಿಷಯ. ನಾಲ್ಕು ಮಾತು ಹೇಳಿ ನಿಲ್ಲಿಸ್ತೀನಿ.

ಒಂದು, ಡಾಕರ್ ಇನ್ಸ್‌ಪೆಕ್ಟ್ ಅಂತ ಕೊಟ್ಟು ಪ್ರತಿ ಕಂಟೈನರಿನಲ್ಲೂ ಪ್ರಿವಿಲೆಜ್ಡ್ ಅನ್ನೋ ಜಾಗದಲ್ಲಿ ಟ್ರೂ ಇದೆಯಾ ನೋಡಿ. ಇದ್ರೆ ಯಾಕೆ ಅಂತ ಕೇಳಿ. ವಿಪಿಎನ್ ಕಂಟೈನರಿಗೆ ಬೇಕಿರೋದು ಸಾಮಾನ್ಯವಾಗಿ ನೆಟ್ ಅಡ್ಮಿನ್ ಅನ್ನೋ ಒಂದು ಕೀ ಮತ್ತು ಟನ್ ಅನ್ನೋ ಒಂದು ಸಾಧನ. ಅದಕ್ಕೆ ಇಡೀ ಗೊಂಚಲು ಬೇಡ.

ಎರಡು, ಸಿಸ್ ಅಡ್ಮಿನ್ ಅನ್ನೋ ಕೀ ಕೇಳಿದ್ರೆ ಹುಷಾರು. ಹೆಸರಿಗೆ ಒಂದೇ ಕೀ, ಆದ್ರೆ ಎಲ್ಲೂ ಸೇರದ ಅಧಿಕಾರಗಳನ್ನೆಲ್ಲ ಕರ್ನೆಲ್‌ನವರು ಅದಕ್ಕೇ ಸುರಿದಿದಾರೆ. ಲಿನಕ್ಸ್ ಕೈಪಿಡಿಗಳನ್ನ ನೋಡ್ಕೊಳ್ತಿದ್ದ ಮೈಕೆಲ್ ಕೆರಿಸ್ಕ್ 2012ರಲ್ಲೇ ಇದನ್ನ ಹೊಸ ರೂಟ್ ಅಂತ ಕರೆದಿದ್ರು.

ಮೂರು, ಡಾಕರ್‌ನ ಸಾಕೆಟ್ ಕಡತವನ್ನ ಯಾವ ಕಂಟೈನರಿಗೂ ಸುಮ್ಮನೆ ಕೊಡಬೇಡಿ. ಆ ಸಾಕೆಟ್ ಸಿಕ್ಕವನು ಡಾಕರಿಗೇ ಆಜ್ಞೆ ಕೊಡಬಲ್ಲ, "ಇನ್ನೊಂದು ಪ್ರಿವಿಲೆಜ್ಡ್ ಕಂಟೈನರ್ ಎಬ್ಬಿಸು" ಅಂತಲೂ. ಓದೋಕೆ ಮಾತ್ರ ಅಂತ ಕೊಟ್ರೂ ಉಪಯೋಗ ಇಲ್ಲ, ಆಜ್ಞೆ ಕಳಿಸೋದನ್ನ ಅದು ತಡೆಯಲ್ಲ. ಹಾಗೇ, ಯಂತ್ರದಲ್ಲಿ ಡಾಕರ್ ಗುಂಪಿಗೆ ಸೇರಿಸಿದ ಬಳಕೆದಾರ ರೂಟಿಗೆ ಸಮ ಅಂತ ಡಾಕರಿನವರೇ ಬರೆದಿಟ್ಟಿದಾರೆ.

ನಾಲ್ಕು, ಮಾಮೂಲಿ ಡಾಕರಿನಲ್ಲಿ ಕಂಟೈನರ್ ಒಳಗಿನ ರೂಟ್ ಹೊರಗೂ ರೂಟೇ. ಇದನ್ನ ತಪ್ಪಿಸೋಕೆ ರೂಟ್‌ಲೆಸ್ ಅಂತ ಇದೆ. ಪಾಡ್‌ಮ್ಯಾನ್ ಅದಕ್ಕೇ ಹೆಸರುವಾಸಿ, ಡಾಕರಿನಲ್ಲೂ 2020ರಿಂದ ಪೂರ್ತಿಯಾಗಿ ಬಂದಿದೆ. ಕುಬರ್ನೆಟೀಸ್ ಬಳಸೋರಿಗೆ 2025ರ 1.33ನೇ ಆವೃತ್ತಿಯಿಂದ ಯೂಸರ್ ನೇಮ್‌ಸ್ಪೇಸ್ ಸೌಲಭ್ಯ ತಾನಾಗಿ ತೆರೆದಿರತ್ತೆ, ಆದ್ರೆ ಬೇಕು ಅಂತ ಪಾಡಿನಲ್ಲಿ ನೀವೇ ಬರೀಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲೋ ಒಂದು ಕಡೆ ನಿಜವಾಗ್ಲೂ ಇಡೀ ಗೊಂಚಲು ಬೇಕಾಗಬಹುದು. ಆಗ ಆ ಕಂಟೈನರಿಗೆ ವಠಾರ ಬೇಡ, ಬೇರೆ ಯಂತ್ರವನ್ನೇ ಕೊಡಿ. ಬೇರೆಯವರ ಪಾಸ್‌ಬುಕ್ ಅದರ ಪಕ್ಕದ ಮನೆಯಲ್ಲಿ ಇರೋದು ಬೇಡ.

ನಿಮ್ಮಲ್ಲಿ ಯಾರಾದ್ರೂ ಈ ಪದ ತೆಗೆದು, ಏನೇನು ಮುರೀತು, ಏನು ಕೊಟ್ಟ ಮೇಲೆ ಸರಿ ಹೋಯ್ತು ಅಂತ ನೋಡಿದ್ರೆ ಕೆಳಗೆ ಬರೀರಿ. ಇಂಥ ಪಟ್ಟಿ ಕನ್ನಡದಲ್ಲಿ ಒಂದು ಕಡೆ ಸಿಕ್ಕಿದ್ರೆ, ಮುಂದಿನ ಶುಕ್ರವಾರ ಸಂಜೆ ಯಾರೋ ಒಬ್ಬರ ಭಾನುವಾರ ಉಳಿಯತ್ತೆ.